ಓಸಿಡಿ ಸಂಶೋಧನೆಯ ಇಲಿ: ‘ಮಾದರಿ’ ಅನ್ನೋಣವೇ, ‘ಹೋಲಿಕೆ’ ಅನ್ನೋಣವೇ?

ಗೆಳೆಯರೇ,

ಓಸಿಡಿ, ಅಂದರೆ ಗೀಳು ಕಾಯಿಲೆಯ ಬಗ್ಗೆ ಒಂದು ವಿಜ್ಞಾನ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಅನಿಮಲ್ ಮಾಡೆಲ್’ ಅನ್ನೋದು, ಅಂದರೆ ಮನುಷ್ಯರ ಕಾಯಿಲೆಯನ್ನು ಅರಿಯಲು ಬಳಸುವ, ಅದನ್ನು ಹೋಲುವ ಲಕ್ಷಣವಿರುವ ಪ್ರಾಣಿ, ಹೆಜ್ಜೆಹೆಜ್ಜೆಗೂ ಬರುತ್ತದೆ. ಸುಮ್ನೆ ‘ಪ್ರಾಣಿ ಮಾದರಿ’ ಅಂತ ಬರೆದುಬಿಡಬಹುದು. ಆದರೆ ನನಗೆ ಅದು ಒಗ್ಗುತ್ತಿಲ್ಲ. ಪತ್ರಿಕೆಯಲ್ಲಿ ‘ರಕ್ತದ ಮಾದರಿ’ ಅಂದರೆ ಪರೀಕ್ಷೆಗೆಂದು ತೆಗೆದ ರಕ್ತ. ‘ಮಾದರಿ ಶಾಲೆ’ ಅಂದರೆ ಬೇರೆಯವರು ನೋಡಿ ಕಲಿಯಬೇಕಾದ ಶಾಲೆ. ಹಾಗಾದರೆ ‘ಓಸಿಡಿಯ ಇಲಿ ಮಾದರಿ’ ಅಂತ ಓದಿದವರು ಏನಂದುಕೊಳ್ಳಬೇಕು?

ನಿಜವಾಗಿ ಅಲ್ಲಿ ನಡೆಯೋದನ್ನು ಸ್ವಲ್ಪ ಹೇಳುತ್ತೇನೆ. 2007ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಗ್ವೋಪಿಂಗ್ ಫೆಂಗ್ ಅವರ ತಂಡ ಸ್ಯಾಪಾಪ್-3 ಎಂಬ ಜೀನ್ ಇಲ್ಲದ ಇಲಿಗಳ ಬಗ್ಗೆ ಬರೆಯಿತು. ಇಲಿ ಮುಂಗಾಲಿನಿಂದ ಮುಖ ಉಜ್ಜಿಕೊಳ್ಳೋದು ಸಹಜ. ಈ ಇಲಿಗಳು ಮಾತ್ರ ಅದನ್ನು ನಿಲ್ಲಿಸುತ್ತಲೇ ಇರಲಿಲ್ಲ. ಉಜ್ಜಿ ಉಜ್ಜಿ ಮುಖದ ಕೂದಲು ಹೋಗಿ, ಚರ್ಮ ಕಿತ್ತು ಹುಣ್ಣಾಗುತ್ತಿತ್ತು. ಓಸಿಡಿ ಇರುವವರಿಗೆ ಕೊಡುವ ಫ್ಲುಯೊಕ್ಸೆಟಿನ್ ಅನ್ನು ಕೆಲವು ದಿನ ಕೊಟ್ಟಾಗ ಉಜ್ಜೋದು ಕಡಿಮೆಯಾಯಿತು. ಮರಿಯಾಗಿದ್ದಾಗಲೇ ಆ ಜೀನನ್ನು ಮೆದುಳಿನ ಒಳಭಾಗದ ಸ್ಟ್ರಯೇಟಮ್‌ಗೆ ಮರಳಿ ಸೇರಿಸಿದ ಇಲಿಗಳಲ್ಲೂ ಈ ತೊಂದರೆ ತಗ್ಗಿತು. ಓಸಿಡಿ ಇರುವವರ ಸ್ಕ್ಯಾನ್‌ಗಳಲ್ಲಿ ಕೂಡ ವ್ಯತ್ಯಾಸ ಕಂಡಿರೋದು ಕಣ್ಣಿನ ಮೇಲ್ಭಾಗದ ಮೆದುಳು ಮತ್ತು ಈ ಸ್ಟ್ರಯೇಟಮ್ ನಡುವಿನ ಸಂಪರ್ಕದಲ್ಲಿ.

ನೋಡಿ, ಇಲ್ಲಿ ಮೂರು ಬೇರೆ ಬೇರೆ ಹೋಲಿಕೆಗಳಿವೆ. ವರ್ತನೆ ಕಣ್ಣಿಗೆ ಒಂದೇ ಥರ ಕಾಣೋದು ಒಂದು. ಒಳಗಿನ ಕಾರಣ ಒಂದೇ ಆಗಿರೋದು ಇನ್ನೊಂದು. ಔಷಧಿ ಎರಡು ಕಡೆಯೂ ಕೆಲಸ ಮಾಡೋದು ಮತ್ತೊಂದು. ಸಂಶೋಧಕರು ಜಗಳವಾಡುವುದೂ ಇದರ ಮೇಲೆಯೇ. ಪಂಜರದ ಹಾಸಿನ ಮೇಲೆ ಗೋಲಿ ಇಟ್ಟರೆ ಇಲಿ ಅದನ್ನು ಹಾಸಿನೊಳಗೆ ಹೂತುಹಾಕುತ್ತದೆ. ಓಸಿಡಿ ಔಷಧಿ ಕೊಟ್ಟರೆ ಹೂಳೋದು ಕಡಿಮೆ. ಆದರೆ ಅಗೆಯೋದು, ಹೂಳೋದು ಇಲಿಯ ಹುಟ್ಟುಗುಣ, ಅಲ್ವಾ? ಆತಂಕ ತಗ್ಗಿಸುವ ಬೇರೆ ಔಷಧಿಗೂ ಅದು ಕಡಿಮೆಯಾಗುತ್ತದೆ. ಅಂದರೆ ಇಲ್ಲಿ ಔಷಧಿಯ ಹೋಲಿಕೆ ಮಾತ್ರ ಇದೆ, ಅದೂ ತೆಳು.

ಅದಕ್ಕೇ ನನ್ನ ಒಲವು ‘ಹೋಲಿಕೆ ಪ್ರಾಣಿ’ ಕಡೆಗೆ. ನೋಟದ ಹೋಲಿಕೆ, ಕಾರಣದ ಹೋಲಿಕೆ, ಮದ್ದಿನ ಹೋಲಿಕೆ ಅಂತ ಮುಂದಕ್ಕೂ ಬೆಳೆಸಬಹುದು. ಯಾವುದು ಎಷ್ಟು ಹೋಲುತ್ತದೆ ಅಂತ ಓದುಗರು ತಾವೇ ಕೇಳಿಕೊಳ್ಳುತ್ತಾರೆ. ‘ಪ್ರತಿರೂಪ’ ಅಂದರೆ ತದ್ರೂಪು ಅನ್ನಿಸುತ್ತದೆ. ಅದು ಜಾಸ್ತಿಯಾಯಿತು. ‘ಪ್ರಯೋಗಪ್ರಾಣಿ’ ಅಂದರೆ ಲ್ಯಾಬಿನ ಯಾವ ಪ್ರಾಣಿಯಾದರೂ ಆಗಬಹುದು.

ಇನ್ನೊಂದು ವಿಷಯ ‘ಗೀಳು’. ಇದನ್ನು ಇಲಿಗೆ ಹಚ್ಚೋದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಓಸಿಡಿಯಲ್ಲಿ ಎರಡು ಭಾಗ. ಬೇಡ ಬೇಡವೆಂದರೂ ಬಂದು ಕಾಡುವ ಯೋಚನೆ ಮೊದಲನೆಯದು. ಆ ತಳಮಳ ತಾಳಲಾರದೆ ಮತ್ತೆ ಮತ್ತೆ ಕೈ ತೊಳೆಯೋದು, ಚಿಲಕ ಹಾಕಿದ್ದೇನಾ ಅಂತ ಎದ್ದು ಹೋಗಿ ನೋಡೋದು ಎರಡನೆಯದು. ಇಲಿಯಲ್ಲಿ ನಮಗೆ ಕಾಣೋದು ಎರಡನೆಯದನ್ನು ಹೋಲುವ ವರ್ತನೆ ಮಾತ್ರ. ಮುಖ ಉಜ್ಜುವಾಗ ಅದರ ತಲೆಯಲ್ಲಿ ಯಾವ ಯೋಚನೆ ಇದೆ ಅಂತ ಕೇಳೋ ದಾರಿಯೇ ಇಲ್ಲ. ‘ಗೀಳು ಹಿಡಿದ ಇಲಿ’ ಅಂತ ಬರೆದರೆ ಕಾಯಿಲೆಯಿಂದ ನರಳುವವರ ಒಳಗಿನ ಹಿಂಸೆಯನ್ನು ಬರೀ ಒಂದು ಅಭ್ಯಾಸಕ್ಕೆ ಇಳಿಸಿದಂತಾಗುತ್ತದೆ. ಮೊದಲೇ ‘ಕ್ರಿಕೆಟ್ ಗೀಳು’, ‘ಮೊಬೈಲ್ ಗೀಳು’ ಅಂತ ಖುಷಿಯ ಚಟಕ್ಕೂ ಇದೇ ಪದ ಬಳಸುತ್ತೇವೆ. ಹಾಗಾಗಿ ಇಲಿಗೆ ‘ಬಿಡದೆ ಮಾಡುವ ವರ್ತನೆ’ ಅಂತ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.

ಕೊನೆಯದಾಗಿ, ಜೀನ್ ತೆಗೆದದ್ದು ಮೌಸ್‌ನಲ್ಲಿ. ಇನ್ನೊಂದು ಬಗೆಯ ಪ್ರಯೋಗದಲ್ಲಿ ಕ್ವಿನ್‌ಪಿರೋಲ್ ಎಂಬ ರಾಸಾಯನಿಕ ಕೊಟ್ಟಾಗ ಒಂದೆರಡು ಜಾಗಕ್ಕೇ ಪದೇ ಪದೇ ಹೋಗಿ ನೋಡಿ ಬರುವುದು ರ‍್ಯಾಟ್. ಎರಡಕ್ಕೂ ಇಲಿ ಅಂದರೆ ಗೊಂದಲ. ಮೌಸ್‌ಗೆ ‘ಚಿಟ್ಟಿಲಿ’ ಅನ್ನಬಹುದೇ? ನಿಮ್ಮ ನಿಮ್ಮ ಕಡೆ ಈ ಎರಡಕ್ಕೂ ಏನಂತಾರೆ?