ಸಮಸ್ಯೆ: ‘ಸುಡುವವರಿಬ್ಬರು ಕೂಡಲು ತಂಪು’

ಈ ಸಲದ ವಸ್ತು ಆಮ್ಲ, ಪ್ರತ್ಯಾಮ್ಲ, ಲವಣ. ಸಾಲಿಗೆ ನಾಲ್ಕು ಗಣ: ಮೊದಲ ಮೂರಕ್ಕೆ 4 ಮಾತ್ರೆ, ಕೊನೆಯದಕ್ಕೆ 3. ಆದಿಪ್ರಾಸ ‘ಡ’ಕಾರ. ಮೇಲಿನದು ನಾಲ್ಕನೇ ಸಾಲು. ಅದಕ್ಕೆ ಮುಂಚಿನ ಮೂರು ಸಾಲು ಬರೆದು ಪದ್ಯ ತುಂಬುವುದು, ಅಂದರೆ ಪೂರಣ, ನಿಮ್ಮದು.

ಮೊದಲ ಪೂರಣ

ಕಡು ಹುಳಿಯೊಬ್ಬನು, ಕಹಿಯಿನ್ನೊಬ್ಬ,
ತೊಡೆ ತಟ್ಟುತಲೇ ಕೈ ಹಿಡಿದಾರು;
ಕಡೆಗುಳಿಯುವುದೋ ಉಪ್ಪೂ ನೀರು,
ಸುಡುವವರಿಬ್ಬರು ಕೂಡಲು ತಂಪು.

ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಕಾಸ್ಟಿಕ್ ಸೋಡಾ ನನ್ನ ಮನಸ್ಸಿನಲ್ಲಿದ್ದ ಜೋಡಿ. ಹುಳಿ, ಕಹಿ ಅಂದಿದ್ದು ಪದ್ಯಕ್ಕಷ್ಟೇ. ಯಾರೂ ನಾಲಿಗೆಗೆ ಹಚ್ಚಿ ನೋಡಬೇಡಿ, ಲಿಟ್ಮಸ್ ಕಾಗದ ಇದೆಯಲ್ಲ! ಆಮ್ಲದಲ್ಲಿ ನೀಲಿ ಕಾಗದ ಕೆಂಪಾಗುತ್ತದೆ, ಪ್ರತ್ಯಾಮ್ಲದಲ್ಲಿ ಕೆಂಪು ಕಾಗದ ನೀಲಿಯಾಗುತ್ತದೆ. ಅಡುಗೆ ಉಪ್ಪಿನ ನೀರಿನಲ್ಲಿ ಎರಡೂ ಇದ್ದ ಹಾಗೇ ಇರುತ್ತವೆ.

ಒಂದು ತಕರಾರು

ಪದ್ಯ ಚೆನ್ನಾಗಿದೆ ಸರ್, ‘ಕೈ ಹಿಡಿದಾರು’ ತುಂಬಾ ಹಿಡಿಸಿತು. ಆದರೆ ಸಮಸ್ಯೆಯ ಸಾಲೇ ಸುಳ್ಳಲ್ವಾ? ಇವೆರಡು ಬೆರೆತರೆ ಬೀಕರ್ ಬಿಸಿಯಾಗುತ್ತದೆ. ಒಂದು ಮೋಲ್ (ಸುಮಾರು 18 ಗ್ರಾಂ) ನೀರು ಹುಟ್ಟುವಾಗ ಸುಮಾರು 57 ಕಿಲೋಜೂಲ್ ಶಾಖ ಹೊರಬರುತ್ತದೆ. ‘ತಂಪು’ ಅನ್ನುವುದನ್ನು ಥರ್ಮಾಮೀಟರಿನಿಂದ ಅಳೆಯುವ ಹಾಗಿಲ್ಲ. ಸ್ವಭಾವ ತಣ್ಣಗಾಯಿತು ಅಂತಲೇ ಓದಬೇಕು. ಅದನ್ನೇ ಪದ್ಯದೊಳಗೆ ತಂದೆ:

ಒಡನೆಯೆ ಬಿಸಿಯೇರುವುದೋ ದಿಟವೆ;
ತಡೆ, ತುಸು ಹೊತ್ತಲಿ ಬಿಸಿ ತಾನಿಳಿದು
ನಡುವಿನ ಏಳಕೆ ನಿಂತರೆ ಮುಳ್ಳು
ಸುಡುವವರಿಬ್ಬರು ಕೂಡಲು ತಂಪು.

ಏಳು ಅಂದರೆ ಪಿಎಚ್ 7. ಆ ಅಳತೆಯನ್ನು 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಕೊಟ್ಟರು. ಏಳಕ್ಕಿಂತ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ.

ಇನ್ನೊಬ್ಬರು

ನನ್ನದು ಸ್ವಲ್ಪ ತಂಟೆ. ಲವಣ ಅಂದ ಕೂಡಲೇ ತಟಸ್ಥ ಅಂತ ಎಲ್ಲರೂ ಒಪ್ಪಿಬಿಡುತ್ತೀರಿ. ವಾಷಿಂಗ್ ಸೋಡಾ ಕೂಡ ಲವಣವೇ, ಆದರೂ ಅದರ ನೀರು ಕೆಂಪು ಲಿಟ್ಮಸನ್ನು ನೀಲಿ ಮಾಡುತ್ತದೆ. ಅದರ ಹೆತ್ತವರಲ್ಲಿ ಕಾರ್ಬೋನಿಕ್ ಆಮ್ಲ ದುರ್ಬಲ, ಕಾಸ್ಟಿಕ್ ಸೋಡಾ ಪ್ರಬಲ. ಹುಟ್ಟಿದ್ದಕ್ಕೆ ಬಲಶಾಲಿಯ ಗುಣವೇ ಬಂತು.

ಬಡಕಲು ಹುಳಿಯವ, ಕಹಿಯವ ಗಟ್ಟಿ,
ಪಡೆದಿಹ ಉಪ್ಪೋ ನೀಲಿಯ ಪಕ್ಷ;
ನುಡಿವುದು ಹೇಗೋ ಎಲ್ಲೆಡೆ ಹೀಗೆ
‘ಸುಡುವವರಿಬ್ಬರು ಕೂಡಲು ತಂಪು’?

ಅಮೋನಿಯಂ ಕ್ಲೋರೈಡ್ ಇದಕ್ಕೆ ತದ್ವಿರುದ್ಧ, ಕೆಂಪಿನ ಪಕ್ಷ. ಅದಕ್ಕೆ ಪ್ರಾಸ ಕೂಡಲಿಲ್ಲ, ಸುಮ್ನೆ ಬಿಟ್ಟೆ.

ಸಮಸ್ಯೆ ಕೊಟ್ಟವರು

ಪ್ರಶ್ನೆಯ ಗುರುತು ಹಾಕಿ ನನ್ನ ಸಾಲನ್ನೇ ತಿರುಗಿಸಿದಿರಲ್ಲ, ಈ ಸಲದ ಗೆಲುವು ನಿಮಗೇ! ಮುಂದಿನ ಸಾಲು ಫಿನಾಲ್ಫ್ತಲೀನ್ ಮೇಲೆ. ಅದು ಆಮ್ಲದಲ್ಲಿ ಬಣ್ಣವೇ ಇಲ್ಲದೆ ಇರುತ್ತದೆ, ಪ್ರತ್ಯಾಮ್ಲದಲ್ಲಿ ಗುಲಾಬಿ. ಪ್ರಾಸ ‘ಣ್ಣ’:

ಕಣ್ಣೆದುರಲ್ಲೇ ನಾಚಿತು ನೀರು