ಅಜ್ಜನ 315 ರೈಫಲ್: ಬ್ಯಾರೆಲ್ ಬದಲಿಸಬೇಕಾ, ಬರೀ ಮರ ಸಾಕಾ?

ಶಿರಸಿಯವ_ಕೊಥ್ರೂಡ್

ಎಲ್ಲರಿಗೂ ನಮಸ್ಕಾರ. ಊರು ಶಿರಸಿ ಹತ್ತಿರ, ಹದಿನಾಲ್ಕು ವರ್ಷದಿಂದ ಪುಣೆಯಲ್ಲಿದ್ದೇನೆ. ನಮ್ಮಜ್ಜನ ಹತ್ತಿರ ಬಿಎಸ್‌ಎ ಕಂಪನಿಯ 315 (ಗುಂಡಿನ ಅಳತೆ) ಬೋಲ್ಟ್ ಆಕ್ಷನ್ ರೈಫಲ್ ಇತ್ತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಅಜ್ಜ ಬೇಟೆ ಬಿಟ್ಟರು. ಆಮೇಲೆ ಅದು ಅಡಿಕೆ ತೋಟದ ಮನೆಯಲ್ಲಿ ಗೋಡೆಗೆ ನೇತಾಡಿದ್ದೇ ಜಾಸ್ತಿ. ಅಜ್ಜ ತೀರಿಕೊಂಡ ಮೇಲೆ ಠಾಣೆಯಲ್ಲಿ ಡಿಪಾಸಿಟ್ ಮಾಡಿ, ಚಿಕ್ಕಪ್ಪಂದಿರ ಒಪ್ಪಿಗೆ ಪತ್ರ ಎಲ್ಲ ಕೊಟ್ಟು, ಈಗ ಲೈಸೆನ್ಸ್ ನನ್ನ ಹೆಸರಿಗೆ ಪುಣೆ ವಿಳಾಸದಲ್ಲೇ ಆಗಿದೆ.

ಬ್ಯಾರೆಲ್ ಒಳಗೆ ಕಪ್ಪಾಗಿದೆ, ಟಾರ್ಚ್ ಹಾಕಿ ನೋಡಿದರೆ ಅಲ್ಲಲ್ಲಿ ಚುಕ್ಕೆ ಚುಕ್ಕೆ ತುಕ್ಕು. ಮುಂದಿನ ಮರ, ಅಂದರೆ ಫೋರ್‌ಎಂಡ್, ಹಿಂತುದಿಯಲ್ಲಿ ಎರಡು ಇಂಚು ಸೀಳಿದೆ. ಇನ್ನೊಂದು ವಿಚಿತ್ರ ಅಂದರೆ ರೇಂಜಿನಲ್ಲಿ ಬೇಸಿಗೆಯಲ್ಲಿ ಸರಿಯಾಗಿ ಬೀಳುತ್ತಿದ್ದ ಗುಂಡು ಮಳೆಗಾಲದಲ್ಲಿ ಮೇಲಕ್ಕೆ, ಬಲಕ್ಕೆ ಹೋಗುತ್ತದೆ. ಒಂದು ಗನ್ ಅಂಗಡಿಯವರು ನೋಡಿದ ತಕ್ಷಣ ಬ್ಯಾರೆಲ್, ಸ್ಟಾಕ್ (ಮರದ ಭಾಗ) ಎರಡೂ ಹೊಸದು ಹಾಕಿಸಿ ಅಂದರು. ದುಡ್ಡಿನ ಮಾತು ಬೇರೆ, ಅಜ್ಜ ಹಿಡಿದ ವಸ್ತುವಿನಲ್ಲಿ ಅಜ್ಜನದು ಏನು ಉಳಿಯುತ್ತದೆ ಅನ್ನೋದೇ ನನ್ನ ಚಿಂತೆ. ತಿಳಿದವರು ಹೇಳಿ.

ಖಡಕಿ_ಆರ್ಮರರ್

ತಮ್ಮಾ, ನಾನು ಇಪ್ಪತ್ತೆರಡು ವರ್ಷ ಫೌಜಿನಲ್ಲಿ ಆಯುಧ ರಿಪೇರಿ ಮಾಡಿದವನು. ಮೊದಲು ಒಂದು ಮಾತು ಹೇಳು. ಯಾರಾದರೂ ಪಾಲಿಶ್‌ಗೆ ಅಂತ ಬಟ್, ಅಂದರೆ ಹೆಗಲಿಗೆ ಆನಿಸುವ ಹಿಂದಿನ ಮರ, ಬಿಚ್ಚಿದ್ದರಾ?

ಯಾಕೆ ಕೇಳಿದೆ ಅಂದರೆ ಇದು ಬ್ರಿಟಿಷ್ ಫೌಜಿನ ಹಳೇ ಲೀ-ಎನ್‌ಫೀಲ್ಡ್ ಜಾತಿಯ ರೈಫಲ್. ಸ್ಟಾಕ್ ಒಂದೇ ತುಂಡಲ್ಲ. ಹಿಂದೆ ಬಟ್, ಮುಂದೆ ಫೋರ್‌ಎಂಡ್, ನಡುವೆ ಕಬ್ಬಿಣ. ಬಟ್ ಒಳಗೆ ಉದ್ದಕ್ಕೂ ಒಂದು ದಪ್ಪ ಬೋಲ್ಟ್ ಹೋಗುತ್ತದೆ. ಈ ಜಾತಿಯ ಕೆಲವು ರೈಫಲ್‌ಗಳಲ್ಲಿ ಆ ಬೋಲ್ಟಿನ ತುದಿ ಚೌಕ ಇದ್ದು, ಫೋರ್‌ಎಂಡ್ ಹಿಂಭಾಗದಲ್ಲಿ ಹೋಗಿ ಕೂರುತ್ತದೆ. ಫೋರ್‌ಎಂಡ್ ತೆಗೆಯದೆ ಬೋಲ್ಟ್ ತಿರುಗಿಸಿದರೆ ಆ ಚೌಕ ತುದಿ ಒಳಗಿಂದಲೇ ಮರವನ್ನು ಸೀಳಿಬಿಡುತ್ತದೆ. ಮೊದಲು ಮುಂದಿನ ಮರ, ಆಮೇಲೆ ಹಿಂದಿನದು. ನಮಗೆ ಮೊದಲ ವಾರ ಕಲಿಸಿದ ಪಾಠ ಇದು. ನೀನು ಹೇಳಿದ ಜಾಗದ ಸೀಳು ನೂರಕ್ಕೆ ತೊಂಬತ್ತು ಇದೇ.

ಬ್ಯಾರೆಲ್ ವಿಷಯ. ಹಳೇ ಕಾರ್ಟ್ರಿಜ್‌ಗಳ ಪ್ರೈಮರ್, ಅಂದರೆ ಹಿಂದಿನ ಕಿಡಿಮದ್ದು, ಉರಿದ ಮೇಲೆ ಒಳಗೆ ಒಂಥರಾ ಉಪ್ಪು ಉಳಿಯುತ್ತಿತ್ತು. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಅಲ್ಲಿಂದ ತುಕ್ಕು. ಆ ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಅದಕ್ಕೇ ಹಿಂದಿನವರು ಬಿಸಿನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಹಾಕುತ್ತಿದ್ದರು. ಅಜ್ಜ ಬರೀ ಎಣ್ಣೆ ಹಾಕಿ ಇಟ್ಟಿರಬಹುದು, ಪಾಪ, ಶಿರಸಿ ಮಳೆ ಬೇರೆ. ಆದರೆ ಚುಕ್ಕೆ ಬಿದ್ದ ಬ್ಯಾರೆಲ್ ಎಲ್ಲವೂ ಸತ್ತ ಬ್ಯಾರೆಲ್ ಅಲ್ಲ. ಚೆನ್ನಾಗಿ ಬ್ರಶ್ ಹಾಕಿಸಿ, ಮೂತಿಯ, ಅಂದರೆ ಗುಂಡು ಹೊರಬರುವ ತುದಿಯ, ಅಂಚು ಪೆಟ್ಟು ತಿಂದಿದೆಯಾ ನೋಡಿಸು, ಕಾರ್ಟ್ರಿಜ್ ಕೂರುವ ಚೇಂಬರ್ ತೋರಿಸು.

ಹೊಸ ಬ್ಯಾರೆಲ್ ಬೇಕೇ ಆದರೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಮಾತ್ರ. 1959ರ ಆಯುಧ ಕಾಯ್ದೆಯಲ್ಲಿ ರಿಪೇರಿಗೂ ಲೈಸೆನ್ಸ್ ಬೇಕು. ಲೇತ್ ಮಷೀನ್ ಇದೆ ಅಂತ ಭೋಸರಿಯ ಯಾವುದೋ ವರ್ಕ್‌ಶಾಪಿಗೆ ಒಯ್ಯಬೇಡ. 315 ಕಾರ್ಟ್ರಿಜ್ಜಿಗೆ ಹಿಂದೆ ಅಂಚು ಇರುತ್ತದೆ, ಆ ಅಂಚಿನ ಮೇಲೇ ಅದು ಚೇಂಬರಿನಲ್ಲಿ ಕೂರುವುದು. ಅಲ್ಲಿ ಅಳತೆ ಸಡಿಲಾದರೆ ಕೇಸ್, ಅಂದರೆ ಕಾರ್ಟ್ರಿಜ್ಜಿನ ಲೋಹದ ಕೊಳವೆ, ಒಡೆದು ಬಿಸಿ ಗಾಳಿ ನಿನ್ನ ಮುಖಕ್ಕೇ ಬರುತ್ತದೆ.

ಬಡಗಿ_ಡೊಂಬಿವಲಿ

ಮರದ ಬಗ್ಗೆ ನಾನು ಹೇಳುತ್ತೇನೆ, ಅಪ್ಪನ ಕಾಲದಿಂದ ಇದೇ ಕೆಲಸ. ಸರ್, ನಿಮ್ಮ ಮಳೆಗಾಲದ ಗುಂಡಿಗೆ ಕಾರಣ ಬ್ಯಾರೆಲ್ ಅಲ್ಲ ಅನ್ನಿಸುತ್ತದೆ. ಮರ ತೇವ ಕುಡಿದರೆ ಉಬ್ಬುತ್ತದೆ, ಅದೂ ಎಳೆಯ ಉದ್ದಕ್ಕಲ್ಲ, ಅಡ್ಡಕ್ಕೆ. ಜುಲೈನಲ್ಲಿ ನಮ್ಮ ಮನೆ ಬಾಗಿಲು ಚೌಕಟ್ಟಿಗೆ ಬಿಗಿಯಾಗುವುದಿಲ್ವಾ, ಹಾಗೇ. ಉಬ್ಬಿದ ಫೋರ್‌ಎಂಡ್ ಒಂದು ಕಡೆಯಿಂದ ಬ್ಯಾರೆಲ್ ಒತ್ತಿದರೆ ಗುಂಡು ಇನ್ನೊಂದು ಕಡೆ ಹೋಗಲೇಬೇಕು. ಮರ ಬಿಚ್ಚಿದಾಗ ಬ್ಯಾರೆಲ್ ಕೂರುವ ಒಳಗಿನ ತೋಡು ನೋಡಿ, ಒತ್ತುವ ಜಾಗದಲ್ಲಿ ಮರ ನುಣ್ಣಗೆ ಹೊಳೆಯುತ್ತಿರುತ್ತದೆ.

ಹೊಸ ಮರ ಹಾಕುವುದಾದರೆ ಅಕ್ರೋಟ್. ಹಗುರ, ಗಟ್ಟಿ, ಉಳಿಗೆ ಬಗ್ಗುತ್ತದೆ, ಒಣಗಿದ ಮೇಲೆ ಜಾಸ್ತಿ ಆಟ ಆಡುವುದಿಲ್ಲ. ನಮ್ಮ ಊರಿನ ಬೀಟೆ ನೋಡಲು ಚಂದ, ಆದರೆ ಭಾರ, ಎಣ್ಣೆ ಅಂಶ ಇರುವುದರಿಂದ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಪುಣೆ ಟಿಂಬರ್ ಮಾರ್ಕೆಟ್ಟಿನಲ್ಲಿ ಹಲಗೆ ಕೊಳ್ಳುವುದಾದರೆ ಮಾಯಿಶ್ಚರ್ ಮೀಟರ್ ಚುಚ್ಚಿಸಿ ನೋಡದೆ ದುಡ್ಡು ಕೊಡಬೇಡಿ. ಕೈ ಹಿಡಿಯುವ ಸಣ್ಣ ಭಾಗದಲ್ಲಿ ಎಳೆ ಉದ್ದಕ್ಕೆ ಹೋಗಿರಬೇಕು, ಅಡ್ಡ ಕತ್ತರಿಸಿದ್ದರೆ ಅಲ್ಲೇ ಮುರಿಯುತ್ತದೆ. ಕೂರಿಸುವಾಗ ಕಬ್ಬಿಣಕ್ಕೆ ದೀಪದ ಮಸಿ ಎಣ್ಣೆಯಲ್ಲಿ ಕಲಸಿ ಹಚ್ಚಿ, ಮರದಲ್ಲಿಟ್ಟು ತೆಗೆಯಿರಿ. ಮಸಿ ಹತ್ತಿದಷ್ಟೇ ಕೆರೆಯಬೇಕು. ಮತ್ತೆ ಮಸಿ, ಮತ್ತೆ ಕೆರೆತ. ದಿನಗಟ್ಟಲೆ ಇದೇ ಕೆಲಸ, ಅವಸರ ಮಾಡಿದರೆ ಮರ ಹಾಳು.

ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಆದರೆ ಎರಡು ಇಂಚು ಸೀಳಿಗೆ ಪೂರ್ತಿ ಮರ ಯಾಕೆ ಎಸೆಯುತ್ತೀರಿ? ಹೀರಿಕೊಂಡ ಹಳೇ ಎಣ್ಣೆಯನ್ನು ಸೀಮೆಸುಣ್ಣದ ಪುಡಿ ಹಚ್ಚಿ ಎಳೆಸಿ, ಎಪಾಕ್ಸಿ ಅಂಟು ತುಂಬಿ, ಒಳಗಿಂದ ಅಡ್ಡಕ್ಕೆ ಸಣ್ಣ ಗೂಟ ಹೊಡೆದರೆ ಗಟ್ಟಿ ನಿಲ್ಲುತ್ತದೆ.

ಬೇಲಾಪುರದ_ಅಕ್ಕ

ನಾನು ರೇಂಜಿನಲ್ಲಿ 22, ಅಂದರೆ ಸಣ್ಣ ಗುಂಡಿನ ರೈಫಲ್, ಮಾತ್ರ ಹೊಡೆಯುವವಳು. ಒಂದೇ ಮಾತು, ಎರಡೂ ಒಟ್ಟಿಗೆ ಬದಲಿಸಬೇಡಿ. ಯಾವುದರಿಂದ ಸರಿಹೋಯ್ತು ಅಂತ ಗೊತ್ತೇ ಆಗುವುದಿಲ್ಲ. ಮೊದಲು ಮರ, ಆಮೇಲೆ ಐದೈದು ಗುಂಡಿನ ಎರಡು ಗುಂಪು ಪೇಪರ್ ಮೇಲೆ ಹೊಡೆದು ನೋಡಿ.

ಶಿರಸಿಯವ_ಕೊಥ್ರೂಡ್

ಖಡಕಿ ಅಣ್ಣ, ನಿಮ್ಮ ಪ್ರಶ್ನೆ ಓದಿ ಅಪ್ಪನಿಗೆ ಫೋನ್ ಮಾಡಿದೆ. ಹೌದಂತೆ, ಊರಲ್ಲಿ ಹಬ್ಬದ ಮೊದಲು ಪಾಲಿಶ್ ಮಾಡಿಸಲು ಬಟ್ ಬಿಚ್ಚಿಸಿದ್ದರಂತೆ, ಫೋರ್‌ಎಂಡ್ ಮುಟ್ಟಿರಲಿಲ್ಲ. ನಿನ್ನೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಕೂತು ಬಿಚ್ಚಿಸಿದೆ. ಮೂತಿ ಕಡೆ ತೋಡಿನ ಎಡಗಡೆ ಹೆಬ್ಬೆರಳಗಲ ಜಾಗ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಚೇಂಬರ್ ಚೆನ್ನಾಗಿದೆ ಅಂದರು, ಮೂತಿಯ ಅಂಚೂ ಸರಿ ಇದೆ.

ಬ್ಯಾರೆಲ್ ಸದ್ಯಕ್ಕೆ ಹಾಗೇ ಇರಲಿ. ಫೋರ್‌ಎಂಡ್ ಸೀಳು ಕೂಡಿಸಿ, ಆ ಹೊಳೆಯುವ ಜಾಗ ಕೆರೆಸುತ್ತೇನೆ. ಬಟ್ಟಿನ ಎಡಮಗ್ಗುಲಲ್ಲಿ ಅಜ್ಜನ ಕೆನ್ನೆ ಒರಗಿ ಒರಗಿ ಕಪ್ಪಾದ ಜಾಗ ಒಂದಿದೆ, ಅದನ್ನು ಮಾತ್ರ ಪಾಲಿಶ್‌ನವರಿಗೂ ಮುಟ್ಟಲು ಬಿಡುವುದಿಲ್ಲ. ಮಳೆ ಶುರುವಾದ ಮೇಲೆ ಹತ್ತು ಗುಂಡು ಹೊಡೆದು ಪೇಪರ್ ಫೋಟೋ ಹಾಕುತ್ತೇನೆ.