ಮೆಕ್ಸಿಕೋ ಸಿಟಿಯ ವಿಶ್ವಕಪ್ ಪಂದ್ಯಕ್ಕೆ ಹಿರಿಯರೊಂದಿಗೆ ಪ್ರಯಾಣ: ಸಲಹೆ ಬೇಕಾಗಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಎಚ್-1ಬಿ ವೀಸಾದ ಮೇಲೆ ಹ್ಯೂಸ್ಟನ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. 2026ರ ಜೂನ್ 17ರಂದು ಮೆಕ್ಸಿಕೋ ಸಿಟಿಯಲ್ಲಿ ನಡೆಯುವ ಉಜ್ಬೆಕಿಸ್ತಾನ–ಕೊಲಂಬಿಯಾ ಫುಟ್‌ಬಾಲ್ ಪಂದ್ಯಕ್ಕೆ ಮೂರು ಟಿಕೆಟ್‌ಗಳು ದೊರೆತಿದ್ದು, ಮೈಸೂರಿನಿಂದ ಬರುವ ತಂದೆತಾಯಿಯರನ್ನೂ ಕರೆದೊಯ್ಯಬೇಕೆಂದಿದ್ದೇನೆ. 1986ರಲ್ಲಿ ಮರಡೋನಾ ಇಂಗ್ಲೆಂಡ್ ಆಟಗಾರರನ್ನು ಒಬ್ಬೊಬ್ಬರಾಗಿ ದಾಟಿ ಗೋಲು ಹೊಡೆದ ಆಸ್ಟೆಕಾ ಕ್ರೀಡಾಂಗಣವನ್ನು ಕಣ್ಣಾರೆ ನೋಡಬೇಕೆಂಬುದು ತಂದೆಯವರ ಬಹುಕಾಲದ ಆಸೆ. ಅವರಿಗೆ ರಕ್ತದೊತ್ತಡವಿದೆ, ಇಬ್ಬರೂ ಶುದ್ಧ ಸಸ್ಯಾಹಾರಿಗಳು. ವೀಸಾ, ವಸತಿ ಮತ್ತು ಊಟದ ಬಗ್ಗೆ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1:
ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಭಾರತೀಯರು ಪ್ರವಾಸಕ್ಕಾಗಿ ಮೆಕ್ಸಿಕೋದ ಪ್ರತ್ಯೇಕ ವೀಸಾ ಪಡೆಯಬೇಕಾಗಿಲ್ಲ. ತಂದೆತಾಯಿಯರ ಪ್ರವಾಸಿ ವೀಸಾಕ್ಕೂ ಇದು ಅನ್ವಯಿಸುತ್ತದೆ. ಆದರೆ ನಿಮ್ಮ ವೀಸಾ ಮುದ್ರೆಯ ಅವಧಿ ಮುಗಿದಿದ್ದು ಕೈಯಲ್ಲಿ ಎಚ್-1ಬಿ ಅನುಮೋದನಾ ಪತ್ರವಷ್ಟೇ ಇದ್ದರೆ ಅದು ಸಾಲದು. ವಿಮಾನದ ಟಿಕೆಟ್ ಕಾಯ್ದಿರಿಸುವ ಮುನ್ನ ಮೂರೂ ಪಾಸ್‌ಪೋರ್ಟ್‌ಗಳನ್ನು ತೆರೆದು ದಿನಾಂಕ ನೋಡಿಕೊಳ್ಳಿ.

ಉತ್ತರ 2:
ನನ್ನ ದೃಷ್ಟಿಯಲ್ಲಿ ನೀವು ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದದ್ದು ಎತ್ತರದ ವಿಷಯ. ಮೆಕ್ಸಿಕೋ ಸಿಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಎತ್ತರ. ಹ್ಯೂಸ್ಟನ್ ಇರುವುದೋ ಬಹುತೇಕ ಸಮುದ್ರಮಟ್ಟದಲ್ಲಿ. 1968ರ ಒಲಿಂಪಿಕ್ಸ್‌ನಲ್ಲಿ ದೂರದ ಓಟಗಾರರನ್ನೇ ಏದುಸಿರು ಬಿಡಿಸಿದ ಗಾಳಿ ಅದು. ಆದ್ದರಿಂದ ತಂದೆಯವರ ವೈದ್ಯರನ್ನು ಮೊದಲೇ ಕೇಳಿ, ಪಂದ್ಯಕ್ಕೆ ಎರಡು ಮೂರು ದಿನ ಮುಂಚೆ ತಲುಪಿ, ಮೊದಲ ದಿನ ಅವರನ್ನು ಎಲ್ಲಿಗೂ ಅಲೆದಾಡಿಸದೆ ಚೆನ್ನಾಗಿ ನೀರು ಕುಡಿಸಿ (ನಲ್ಲಿ ನೀರು ಬೇಡ, ಬಾಟಲಿ ನೀರೇ ಇರಲಿ) ವಿಶ್ರಾಂತಿ ಕೊಡಿ.

ವಸತಿಗೆ ಸೋಕಾಲೋ ಚೌಕದ ಸುತ್ತಲಿನ ಹಳೆಯ ನಗರ ಅನುಕೂಲಕರ. ಅಲ್ಲಿಂದ ಮೆಟ್ರೋದ 2ನೇ ಮಾರ್ಗ ನೇರವಾಗಿ ತಾಸ್ಕೆನ್ಯಾ ನಿಲ್ದಾಣಕ್ಕೆ ಹೋಗುತ್ತದೆ. ಅಲ್ಲಿ ‘ತ್ರೆನ್ ಲಿಖೇರೋ’ ಎಂಬ ಲಘು ರೈಲು ಹತ್ತಿದರೆ ಆಸ್ಟೆಕಾದ ಹತ್ತಿರವೇ ಇಳಿಯಬಹುದು. ಪಂದ್ಯದ ದಿನದ ಸಂಚಾರ ವ್ಯವಸ್ಥೆಯನ್ನು ಮಾತ್ರ ಹಿಂದಿನ ದಿನ ನೋಡಿಕೊಳ್ಳಿ. ದಟ್ಟಣೆಯ ವೇಳೆ ಮೆಟ್ರೋದ ಮುಂದಿನ ಬೋಗಿಗಳು ಮಹಿಳೆಯರಿಗೂ ಮಕ್ಕಳಿಗೂ ಮೀಸಲಾಗಿರುವುದರಿಂದ ತಾಯಿಯವರು ಎಲ್ಲಿ ಇಳಿಯಬೇಕೆಂಬುದನ್ನು ಮೊದಲೇ ಮಾತಾಡಿಕೊಂಡಿರಿ. ಜೂನ್‌ನಲ್ಲಿ ಮಧ್ಯಾಹ್ನದ ಮೇಲೆ ಮಳೆ ಸಾಮಾನ್ಯ. ಸ್ವೆಟರ್ ಮತ್ತು ರೇನ್‌ಕೋಟ್ ಜೊತೆಗಿರಲಿ.

ಉತ್ತರ 3:
ಊಟದ ಬಗ್ಗೆ ಒಂದು ಎಚ್ಚರಿಕೆ. ನೋಡಲು ಸಸ್ಯಾಹಾರದಂತೆ ಕಾಣುವ ಬೀನ್ಸ್ ಪಲ್ಯದಲ್ಲಿ ಹಂದಿಯ ಕೊಬ್ಬು, ಕೆಂಪು ಅನ್ನದಲ್ಲಿ ಕೋಳಿಯ ಸಾರು ಇರುವುದು ಅಲ್ಲಿ ಸಾಮಾನ್ಯ. ‘ಸಿನ್ ಕಾರ್ನೆ’ ಎಂದರೆ ಮಾಂಸ ಬೇಡವೆಂದಷ್ಟೇ ಅರ್ಥವಾಗುತ್ತದೆ. ‘ಸಿನ್ ಮಾಂತೆಕಾ, ಸಿನ್ ಕಾಲ್ದೋ ದೆ ಪೋಯೋ’ (ಹಂದಿಯ ಕೊಬ್ಬು ಬೇಡ, ಕೋಳಿಯ ಸಾರು ಬೇಡ) ಎಂದೂ ಸೇರಿಸಿ. ಬೀದಿಬದಿಯಲ್ಲಿ ಹೆಂಗಸರು ನೀಲಿ ಮೆಕ್ಕೆಜೋಳದ ಹಿಟ್ಟನ್ನು ಕೈಯಲ್ಲೇ ತಟ್ಟಿ, ಹೆಂಚಿನ ಮೇಲೆ ಬೇಯಿಸಿ, ಒಳಗೆ ಕುಂಬಳದ ಹೂವು ಮತ್ತು ಚೀಸ್ ಇಟ್ಟು ಕೊಡುವ ಕೆಸದಿಯಾ ನಮ್ಮ ರೊಟ್ಟಿಯನ್ನೇ ನೆನಪಿಸುತ್ತದೆ. ಎಣ್ಣೆಯಲ್ಲಿ ಕರಿದದ್ದು ಬೇಡವೆಂದು ಹೇಳಿ, ಅದೇ ಹೆಂಚಿನಲ್ಲಿ ಮಾಂಸ ಬೇಯಿಸುತ್ತಿಲ್ಲವೆಂದು ನೋಡಿಕೊಂಡರೆ ಹಿರಿಯರು ನೆಮ್ಮದಿಯಿಂದ ತಿನ್ನಬಹುದು.